ಇಂಧನ ಹಡಗು ‘ಶಕ್ತಿ’ ಜರ್ಮನಿಯದೋ, ಇಟಲಿಯದೋ? ನೌಕಾಪಡೆಯ ಸರಬರಾಜು ಹಡಗುಗಳ ಚರಿತ್ರೆ ಮತ್ತು ನಾಮಕರಣದ ಕುರಿತು ಚರ್ಚೆ

ಕೊಪ್ಪಳದ ವಾಚನಾಲಯ

ಕೊಪ್ಪಳದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುವವರಿಗಾಗಿ ನಾವು ಕೆಲವರು ಸೇರಿ ಸಣ್ಣದೊಂದು ವಾಚನಾಲಯ ನಡೆಸುತ್ತಿದ್ದೇವೆ. ಅಲ್ಲಿ ಓದುವ ಇಬ್ಬರ ನಡುವೆ ಈಚೆಗೆ ಒಂದು ವಾದ ಹುಟ್ಟಿತು. ಒಬ್ಬರ ಟಿಪ್ಪಣಿಯಲ್ಲಿ ಐಎನ್‌ಎಸ್ (ಭಾರತೀಯ ನೌಕಾಪಡೆಯ ಹಡಗು) ಶಕ್ತಿ ಜರ್ಮನಿಯಲ್ಲಿ ಕಟ್ಟಿದ ಇಂಧನ ಹಡಗು ಎಂದಿದೆ. ಇನ್ನೊಬ್ಬರ ಪುಸ್ತಕದಲ್ಲಿ ಅದನ್ನು ಇಟಲಿಯಲ್ಲಿ ಕಟ್ಟಲಾಯಿತು ಎಂದಿದೆ. ‘ದೀಪಕ್’ ಹಡಗಿನ ವಿಷಯದಲ್ಲೂ ಇದೇ ಗೊಂದಲ: ಅದು ಸೇವೆಗೆ ಸೇರಿದ ವರ್ಷ ಒಂದು ಕಡೆ 1967, ಇನ್ನೊಂದು ಕಡೆ 2011. ಯುದ್ಧನೌಕೆಗಳ ಬಗ್ಗೆ ಕನ್ನಡದಲ್ಲಿ ಅಷ್ಟಿಷ್ಟು ಓದಲು ಸಿಗುತ್ತದೆ. ಆದರೆ ಆ ನೌಕೆಗಳಿಗೆ ಎಣ್ಣೆ, ಕುಡಿಯುವ ನೀರು, ದವಸಧಾನ್ಯ, ಮದ್ದುಗುಂಡು ಹೊತ್ತು ಹಿಂದೆ ಸಾಗುವ ಹಡಗುಗಳ ಬಗ್ಗೆ ಹುಡುಕಿದರೆ ಎರಡು ಸಾಲಿಗಿಂತ ಹೆಚ್ಚು ಸಿಗುವುದಿಲ್ಲ. ತಿಳಿದವರು ವಿವರವಾಗಿ ಬರೆದರೆ ಅದನ್ನು ಅಚ್ಚು ಹಾಕಿ ವಾಚನಾಲಯದ ಗೋಡೆಗೆ ಹಚ್ಚುವ ಆಲೋಚನೆ ಇದೆ. ಇಂಥ ಹಡಗುಗಳಿಗೆ ಹೆಸರನ್ನು ಯಾರು ಇಡುತ್ತಾರೆ ಎಂಬುದನ್ನೂ ತಿಳಿಯುವ ಆಸೆ ನಮ್ಮ ಓದುಗರಿಗಿದೆ.

ಗಂಗಾವತಿಯ ನಿವೃತ್ತ ನಾವಿಕ

ನಿಮ್ಮ ಇಬ್ಬರು ಓದುಗರೂ ಸರಿಯಾಗಿಯೇ ಓದಿದ್ದಾರೆ. ಅವರು ಹೇಳುತ್ತಿರುವುದು ಒಂದೇ ಹೆಸರನ್ನು ಹೊತ್ತ ಬೇರೆ ಬೇರೆ ಹಡಗುಗಳ ಬಗ್ಗೆ.

ಹಳೆಯ ದೀಪಕ್ ಮತ್ತು ಶಕ್ತಿ, ಎರಡನ್ನೂ ಪಶ್ಚಿಮ ಜರ್ಮನಿಯ ಬ್ರೆಮನ್ ನಗರದ ‘ಬ್ರೆಮರ್ ವುಲ್ಕಾನ್’ ಹಡಗುಕಟ್ಟೆಯಲ್ಲಿ ಕಟ್ಟಲಾಗಿತ್ತು. ದೀಪಕ್ 1967ರಲ್ಲಿ ಸೇವೆಗೆ ಸೇರಿ 1996ರಲ್ಲಿ ನಿವೃತ್ತವಾಯಿತು. ಶಕ್ತಿ 1976ರಲ್ಲಿ ಸೇರಿ 2007ರಲ್ಲಿ ನಿವೃತ್ತವಾಯಿತು. ಈಗ ಸೇವೆಯಲ್ಲಿರುವ ದೀಪಕ್ ಮತ್ತು ಶಕ್ತಿಯನ್ನು ಇಟಲಿಯ ಫಿನ್‌ಕಾಂತಿಯೇರಿ ಕಂಪನಿ ಕಟ್ಟಿತು. ದೀಪಕ್ 2011ರ ಜನವರಿ 21ರಂದೂ ಶಕ್ತಿ ಅದೇ ವರ್ಷ ಅಕ್ಟೋಬರ್ 1ರಂದೂ ನೌಕಾಪಡೆಗೆ ಸೇರಿದವು. ಹೊಸವು ಹಳೆಯವುಗಳಿಗಿಂತ ಬಹಳ ದೊಡ್ಡವು: ಉದ್ದ ಸುಮಾರು 175 ಮೀಟರ್, ಪೂರ್ಣ ಭಾರ ಹೊತ್ತಾಗ ಸುಮಾರು 27,500 ಟನ್. ಎಣ್ಣೆ ಸೋರಿ ಸಮುದ್ರ ಕೆಡಬಾರದೆಂದು ಇವುಗಳಿಗೆ ಒಳಗೊಂದು ಹೊರಗೊಂದು ಎಂದು ಎರಡು ಪದರದ ಒಡಲು ಇದೆ. ಗೊಂದಲ ಹೆಚ್ಚಾಗಲು ಇನ್ನೊಂದು ಕಾರಣವೂ ಉಂಟು. ಹೊಸ ಹಡಗುಗಳಿಗೆ ಹಳೆಯ ಹೆಸರಿನ ಜೊತೆಗೆ ಹಳೆಯ ಗುರುತಿನ ಸಂಖ್ಯೆಯನ್ನೂ ಕೊಡಲಾಗಿದೆ. ಅಂದಿನ ದೀಪಕ್ ಮೈಮೇಲೆ ‘ಎ 50’ ಎಂದಿತ್ತು, ಇಂದಿನದರ ಮೇಲೂ ಅದೇ ಇದೆ. ಶಕ್ತಿಗೆ ಅಂದೂ ಇಂದೂ ‘ಎ 57’. ಹಳೆಯ ಫೋಟೋ ನೋಡಿದವರು ತಪ್ಪು ತಿಳಿಯುವುದು ಸಹಜ.

ನಡುವೆ ಬಂದ ಎರಡು ಹಡಗುಗಳನ್ನೂ ನಿಮ್ಮ ಗೋಡೆಯ ಪುಟದಲ್ಲಿ ಸೇರಿಸಿ. ಹಳೆಯ ದೀಪಕ್ ನಿವೃತ್ತವಾದ 1996ರಲ್ಲೇ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನಿಂದ ‘ಜ್ಯೋತಿ’ ಬಂತು. ಅದರ ಮೂಲ ವಿನ್ಯಾಸ ವಾಣಿಜ್ಯ ಟ್ಯಾಂಕರಿನದು. ಅದನ್ನೇ ನೌಕಾಪಡೆಯ ಬಳಕೆಗೆ ಹೊಂದಿಸಲಾಯಿತು. ಭಾರ ಸುಮಾರು 35,900 ಟನ್. ಕೋಲ್ಕತ್ತದ ಗಾರ್ಡನ್ ರೀಚ್ ಹಡಗುಕಟ್ಟೆಯಲ್ಲಿ ನಮ್ಮವರೇ ಕಟ್ಟಿದ ‘ಆದಿತ್ಯ’ 1993ರಲ್ಲಿ ನೀರಿಗಿಳಿದರೂ ಸೇವೆಗೆ ಸೇರಿದ್ದು 2000ದ ಏಪ್ರಿಲ್‌ನಲ್ಲಿ. ಆ ವಿಳಂಬದ ಬಗ್ಗೆ ಆಡಿಕೊಳ್ಳುವವರಿದ್ದಾರೆ. ನನ್ನ ಮಟ್ಟಿಗೆ ಅದು ಮುಖ್ಯವಲ್ಲ. ಇಷ್ಟು ದೊಡ್ಡ ಇಂಧನ ಹಡಗನ್ನು ಇಲ್ಲಿಯೇ ಕಟ್ಟಬಲ್ಲೆವೆಂದು ತೋರಿಸಿದ್ದು ಆದಿತ್ಯ.

ಶಕ್ತಿನಗರದ ಎಂಜಿನಿಯರ್, ರಾಯಚೂರು

ನಮ್ಮ ಊರ ಹೆಸರೇ ಶಕ್ತಿನಗರವಾದ್ದರಿಂದ ಈ ಚರ್ಚೆಯನ್ನು ಓದದೆ ಮುಂದೆ ಹೋಗಲಾಗಲಿಲ್ಲ. ಕೃಷ್ಣೆಯ ದಡದ ಉಷ್ಣ ವಿದ್ಯುತ್ ಸ್ಥಾವರದಲ್ಲಿ ಕೆಲಸ ಮಾಡುವವರಿಗೆ ಇಂಧನ ಪೂರೈಕೆ ಎಂದರೇನು ಎಂಬುದನ್ನು ಬೇರೆ ಯಾರೂ ಹೇಳಿಕೊಡಬೇಕಿಲ್ಲ. ಕಲ್ಲಿದ್ದಲಿನ ರೈಲು ತಡವಾದರೆ ಇಡೀ ರಾಜ್ಯಕ್ಕೆ ಅದರ ಬಿಸಿ ತಟ್ಟುತ್ತದೆ. ಆದರೆ ನಮ್ಮ ಕಲ್ಲಿದ್ದಲು ನೆಲಕ್ಕೆ ಜಡಿದ ಹಳಿಯ ಮೇಲೆ ಬರುತ್ತದೆ. ಓಲಾಡುವ ಎರಡು ಹಡಗುಗಳ ನಡುವೆ, ಎರಡೂ ಚಲಿಸುತ್ತಿರುವಾಗಲೇ, ನೂರಾರು ಟನ್ ಎಣ್ಣೆಯನ್ನು ದಾಟಿಸುವುದು ಹೇಗೆ? ನಿವೃತ್ತ ನಾವಿಕರು ಅದನ್ನು ಕಣ್ಣಿಗೆ ಕಟ್ಟುವಂತೆ ಬರೆದರೆ ಹೆಸರಿನ ಚರ್ಚೆಗೂ ಅರ್ಥ ಬರುತ್ತದೆ.

ಗಂಗಾವತಿಯ ನಿವೃತ್ತ ನಾವಿಕ

ಸಂತೋಷದಿಂದ ಬರೆಯುತ್ತೇನೆ.

ಮೊದಲು ಇಂಧನ ಹಡಗು ಒಂದು ದಿಕ್ಕನ್ನೂ ಒಂದು ವೇಗವನ್ನೂ ಹಿಡಿದು ಸಾಗುತ್ತದೆ. ವೇಗ ಸಾಮಾನ್ಯವಾಗಿ 12ರಿಂದ 15 ನಾಟ್ (ಒಂದು ನಾಟ್ ಎಂದರೆ ಗಂಟೆಗೆ ಸುಮಾರು 1.85 ಕಿ.ಮೀ.) ಇರುತ್ತದೆ. ಎಣ್ಣೆ ಬೇಕಾದ ಹಡಗು ಹಿಂದಿನಿಂದ ಬಂದು ಅದರ ಪಕ್ಕಕ್ಕೆ ಸೇರುತ್ತದೆ. ಇಬ್ಬರ ನಡುವಿನ ಅಂತರ ಮೂವತ್ತರಿಂದ ಅರವತ್ತು ಮೀಟರ್ ಇರಬಹುದು. ಅಲ್ಲಿಂದ ಮುಂದೆ ಎರಡೂ ಹಡಗುಗಳು ಒಂದೇ ನೊಗಕ್ಕೆ ಕಟ್ಟಿದ ಜೋಡೆತ್ತಿನಂತೆ ಸಾಗಬೇಕು. ಒಂದು ಡಿಗ್ರಿ ತಿರುವು, ಅರ್ಧ ನಾಟ್ ವೇಗದ ವ್ಯತ್ಯಾಸ ಸಹ ಗಮನಕ್ಕೆ ಬರಬೇಕು, ಏಕೆಂದರೆ ಎರಡು ಒಡಲುಗಳ ನಡುವಿನ ಇಕ್ಕಟ್ಟಿನಲ್ಲಿ ನುಗ್ಗುವ ನೀರಿನ ವೇಗ ಹೆಚ್ಚಿ ಒತ್ತಡ ತಗ್ಗುತ್ತದೆ, ಹಡಗುಗಳು ತಾವಾಗಿಯೇ ಒಂದನ್ನೊಂದು ಎಳೆದುಕೊಳ್ಳತೊಡಗುತ್ತವೆ. ಚುಕ್ಕಾಣಿ ಹಿಡಿದವನು ಆ ಗಳಿಗೆಯಲ್ಲಿ ಬೇರೆ ಯಾವ ಕಡೆಗೂ ನೋಡುವುದಿಲ್ಲ.

ಬಳಿಕ ಬಂದೂಕಿನಂಥ ಸಾಧನದಿಂದ ತೆಳುವಾದ ದಾರವನ್ನು ಆಚೆಯ ಹಡಗಿಗೆ ಹಾರಿಸುತ್ತಾರೆ. ಆ ದಾರದ ತುದಿಗೆ ಇನ್ನೊಂದು ದಪ್ಪ ಹಗ್ಗ, ಅದರ ತುದಿಗೆ ಉಕ್ಕಿನ ತಂತಿ, ಹೀಗೆ ಒಂದರ ಹಿಂದೆ ಒಂದು ದಾಟುತ್ತವೆ. ಉಕ್ಕಿನ ತಂತಿ ಬಿಗಿಯಾದ ಮೇಲೆ ಅದಕ್ಕೆ ತೂಗಿಬಿದ್ದ ರಬ್ಬರ್ ಕೊಳವೆ ರಾಟೆಗಳ ಮೇಲೆ ಜಾರುತ್ತಾ ಹೋಗಿ ಆಚೆಯ ಬಾಯಿಗೆ ಕೂರುತ್ತದೆ. ಮುಂಭಾಗದಲ್ಲಿ ಬೇರೊಂದು ಹಗ್ಗಕ್ಕೆ ನಿಗದಿತ ಅಂತರದಲ್ಲಿ ಬಣ್ಣದ ಸಣ್ಣ ಬಾವುಟಗಳನ್ನು ಕಟ್ಟಿರುತ್ತಾರೆ. ಅದನ್ನು ಓದಿಯೇ ನಡುವಿನ ಅಂತರ ತಿಳಿಯುವುದು. ಎಣ್ಣೆ ಹರಿಯುತ್ತಿರುವಷ್ಟು ಹೊತ್ತೂ ‘ಬ್ರಾವೋ’ ಎಂಬ ಕೆಂಪು ಬಾವುಟ ಮೇಲಿರುತ್ತದೆ. ಶತ್ರು ಸುಳಿವು ಸಿಕ್ಕರೆ ಅಥವಾ ಯಂತ್ರ ಕೈಕೊಟ್ಟರೆ ಕೆಲವೇ ಕ್ಷಣಗಳಲ್ಲಿ ಎಲ್ಲವನ್ನೂ ಬಿಡಿಸಿಕೊಂಡು ಬೇರೆಯಾಗುವ ಅಭ್ಯಾಸವನ್ನೂ ಮಾಡಿಸುತ್ತಾರೆ.

ಈ ವಿದ್ಯೆಗೆ ನೂರು ವರ್ಷ ದಾಟಿದೆ. ಮೊದಲ ಮಹಾಯುದ್ಧದಲ್ಲಿ, 1917ರ ಮೇ ತಿಂಗಳಲ್ಲಿ, ಅಟ್ಲಾಂಟಿಕ್ ದಾಟುತ್ತಿದ್ದ ಅಮೆರಿಕದ ಡಿಸ್ಟ್ರಾಯರ್ ಎಂಬ ವೇಗದ ಯುದ್ಧನೌಕೆಗಳಿಗೆ ‘ಮೌಮೀ’ ಎಂಬ ಹಡಗು ನಡುಗಡಲಿನಲ್ಲೇ ಎಣ್ಣೆ ತುಂಬಿತು. ಆ ಹಡಗಿನ ಎಂಜಿನ್ ವಿಭಾಗದ ಹೊಣೆ ಹೊತ್ತಿದ್ದ ಯುವ ಅಧಿಕಾರಿಯೇ ಮುಂದೆ ಎರಡನೆಯ ಮಹಾಯುದ್ಧದಲ್ಲಿ ಪೆಸಿಫಿಕ್ ನೌಕಾಬಲವನ್ನು ನಡೆಸಿದ ಚೆಸ್ಟರ್ ನಿಮಿಟ್ಜ್. ಇಂದು ಅವರ ಹೆಸರಿನ ವಿಮಾನವಾಹಕ ನೌಕೆಯನ್ನು ಲೋಕವೆಲ್ಲ ಬಲ್ಲದು. ಮೌಮೀ ಹಡಗಿನ ಹೆಸರನ್ನು ಬಲ್ಲವರು ಕಡಿಮೆ. ಇದು ನನಗೆ ಬೇಸರ ತರುವ ಸಂಗತಿ.

ಕೌಲ್‌ಬಜಾರ್ ಓದುಗ, ಬಳ್ಳಾರಿ

ನಿವೃತ್ತ ನಾವಿಕರ ಬೇಸರಕ್ಕೆ ನನ್ನದನ್ನೂ ಸೇರಿಸುತ್ತೇನೆ. ಪ್ರತಿವರ್ಷ ಡಿಸೆಂಬರ್ 4ರಂದು ನೌಕಾಪಡೆಯ ದಿನ ಆಚರಿಸುತ್ತೇವೆ. 1971ರ ಅದೇ ದಿನದ ರಾತ್ರಿ ಕರಾಚಿ ಬಂದರಿನ ಮೇಲೆ ನಡೆದ ದಾಳಿಯನ್ನು ವರ್ಣಿಸುವವರೆಲ್ಲ ನಿಪಾತ್, ನಿರ್ಘಾತ್, ವೀರ್ ಎಂಬ ಮೂರು ಕ್ಷಿಪಣಿ ದೋಣಿಗಳ ಹೆಸರನ್ನು ತಪ್ಪದೆ ಹೇಳುತ್ತಾರೆ. ಕೆಲವರು ಜೊತೆಗಿದ್ದ ಕಿಲ್ತಾನ್ ಮತ್ತು ಕಚ್ಚಲ್ ಹಡಗುಗಳನ್ನೂ ನೆನೆಯುತ್ತಾರೆ. ಆದರೆ ಆ ತಂಡದಲ್ಲಿ ‘ಪೋಷಕ್’ ಎಂಬ ಇಂಧನ ಹಡಗೂ ಇತ್ತು. ಆ ಕ್ಷಿಪಣಿ ದೋಣಿಗಳನ್ನು ಕಟ್ಟಿದ್ದು ಕರಾವಳಿಯ ಹತ್ತಿರದ ಕಾವಲಿಗೆ. ಅವುಗಳ ಒಡಲಲ್ಲಿ ಹಿಡಿಯುವ ಎಣ್ಣೆ ಕಡಿಮೆ, ದೂರದ ದಾಳಿಗೆ ಅವು ತಮ್ಮ ಬಲವನ್ನಷ್ಟೇ ನಂಬಿ ಹೋಗುವಂತಿರಲಿಲ್ಲ. ಹಾಗಿದ್ದೂ ಶಾಲೆಯ ಭಾಷಣಗಳಲ್ಲಿ ಪೋಷಕ್ ಹೆಸರು ಕೇಳಿದ ನೆನಪು ನನಗಿಲ್ಲ. ವಾಚನಾಲಯದ ಗೋಡೆಯ ಪುಟದಲ್ಲಿ ಈ ಹೆಸರು ದಪ್ಪ ಅಕ್ಷರದಲ್ಲಿ ಇರಲಿ ಎಂದು ಕೇಳಿಕೊಳ್ಳುತ್ತೇನೆ.

ಮಸ್ಕಿಯ ಶಿಕ್ಷಕಿ

ಹೆಸರಿಡುವ ಕ್ರಮದ ಬಗ್ಗೆ ನನಗೆ ತಿಳಿದಷ್ಟನ್ನು ಹೇಳುತ್ತೇನೆ. ರಕ್ಷಣಾ ಸಚಿವಾಲಯದಲ್ಲಿ ಇದಕ್ಕೆಂದೇ ಒಂದು ಆಂತರಿಕ ನಾಮಕರಣ ಸಮಿತಿ ಇದೆ. ನೌಕಾಪಡೆಯ ಹಿರಿಯ ಅಧಿಕಾರಿಯೊಬ್ಬರು ಅದರ ಮುಖ್ಯಸ್ಥರು; ಸಚಿವಾಲಯದ ಇತಿಹಾಸ ವಿಭಾಗದವರೂ ಅದರಲ್ಲಿ ಇರುತ್ತಾರೆ. ಮುಖ್ಯವಾದ ಹಡಗುಗಳ ಹೆಸರಿಗೆ ನೌಕಾಪಡೆಯ ಮುಖ್ಯಸ್ಥರ ಒಪ್ಪಿಗೆ ಬೇಕು. ಹಡಗಿನ ಲಾಂಛನಕ್ಕೂ ಧ್ಯೇಯವಾಕ್ಯಕ್ಕೂ ರಾಷ್ಟ್ರಪತಿಗಳ ಒಪ್ಪಿಗೆಯೇ ಬೇಕು. ಆ ಲಾಂಛನದ ನೆತ್ತಿಯ ಮೇಲೆ ಅಶೋಕನ ಸಿಂಹಗಳಿರುತ್ತವೆ. ಶಾಸನಗಳ ‘ದೇವಾನಾಂಪ್ರಿಯ’ನು ಅಶೋಕನೇ ಎಂಬುದನ್ನು 1915ರಲ್ಲಿ ಲೋಕಕ್ಕೆ ಹೆಸರು ಹಿಡಿದು ಹೇಳಿದ್ದು ನಮ್ಮ ಮಸ್ಕಿಯ ಬಂಡೆ. ಮಕ್ಕಳಿಗೆ ಆ ಶಾಸನ ತೋರಿಸುವಾಗ ಹಡಗುಗಳ ಲಾಂಛನದ ಚಿತ್ರವನ್ನೂ ನಾನು ತೋರಿಸುತ್ತೇನೆ.

ಹಡಗಿನ ಬಗೆಗೆ ತಕ್ಕಂತೆ ಹೆಸರಿನ ಬಗೆಯೂ ಇದೆ. ಡಿಸ್ಟ್ರಾಯರ್‌ಗಳಿಗೆ ದೆಹಲಿ, ಮೈಸೂರು, ಕೋಲ್ಕತ್ತ ಮುಂತಾದ ನಗರಗಳ ಹೆಸರು. ಅವಕ್ಕಿಂತ ಸಾಮಾನ್ಯವಾಗಿ ಚಿಕ್ಕ ಯುದ್ಧನೌಕೆಗಳಾದ ಫ್ರಿಗೇಟ್‌ಗಳಿಗೆ ನೀಲಗಿರಿಯಂಥ ಬೆಟ್ಟಸಾಲುಗಳ, ಗೋದಾವರಿ, ಬ್ರಹ್ಮಪುತ್ರದಂಥ ನದಿಗಳ ಅಥವಾ ಆಯುಧಗಳ ಹೆಸರು. ಇನ್ನೂ ಚಿಕ್ಕ ಕಾರ್ವೆಟ್‌ಗಳಿಗೆ ಖುಕ್ರಿ, ಕಿರ್ಪಾನ್, ಕುಠಾರ್ ಎಂದು ಕೈಯಲ್ಲಿ ಹಿಡಿಯುವ ಆಯುಧಗಳ ಹೆಸರು. ಇಂಧನ ಹಡಗುಗಳನ್ನು ನೋಡಿದರೆ ದೀಪಕ್, ಜ್ಯೋತಿ, ಆದಿತ್ಯ, ಶಕ್ತಿ ಎಂದು ಬೆಳಕಿನ ಮತ್ತು ಬಲದ ಹೆಸರುಗಳೇ ಸಾಲಾಗಿ ಕಾಣುತ್ತವೆ. ಇಡೀ ನೌಕಾಬಲಕ್ಕೆ ಉರಿಯುವ ಇಂಧನ ಕೊಡುವ ಹಡಗಿಗೆ ಇದಕ್ಕಿಂತ ಒಪ್ಪುವ ಹೆಸರು ನನಗಂತೂ ತೋಚುವುದಿಲ್ಲ.

ಕೌಲ್‌ಬಜಾರ್ ಓದುಗ, ಬಳ್ಳಾರಿ

ಶಿಕ್ಷಕಿಯವರ ಮಾತನ್ನು ಗೌರವದಿಂದಲೇ ಒಪ್ಪದೆ ಇರುತ್ತೇನೆ. ವಿಶಾಖಪಟ್ಟಣದ ಹಿಂದೂಸ್ತಾನ್ ಶಿಪ್‌ಯಾರ್ಡಿಗೆ 2023ರ ಆಗಸ್ಟ್‌ನಲ್ಲಿ ಐದು ಹೊಸ ಸರಬರಾಜು ಹಡಗುಗಳನ್ನು ಕಟ್ಟುವ ಗುತ್ತಿಗೆ ಸಿಕ್ಕಿದೆ. ಮೊತ್ತ ಸುಮಾರು 19,000 ಕೋಟಿ ರೂಪಾಯಿ. ಒಂದೊಂದು ಹಡಗೂ ಸುಮಾರು 44,000 ಟನ್ನಿನದು. ಐದು ಹೊಸ ಹಡಗುಗಳೆಂದರೆ ಐದು ಹೊಸ ಹೆಸರುಗಳಿಗೆ ಅವಕಾಶ. ಅವುಗಳಿಗೆ ನದಿಗಳ ಹೆಸರನ್ನೇ ಇಡಬಾರದೇಕೆ? ಬಳ್ಳಾರಿ, ಕೊಪ್ಪಳ, ರಾಯಚೂರು ಮೂರಕ್ಕೂ ನೀರುಣಿಸುವವಳು ತುಂಗಭದ್ರೆ. ಅಣೆಕಟ್ಟಿನ ಎಡದಂಡೆ, ಬಲದಂಡೆ ಕಾಲುವೆಗಳು ಬರುವ ಮುಂಚಿನ ಈ ಸೀಮೆಯ ಬರಗಾಲಗಳ ಕಥೆಯನ್ನು ನಮ್ಮ ಹಿರಿಯರು ಹೇಳುತ್ತಿದ್ದರು. ದೂರದವರೆಗೆ ಹರಿದು ಉಣಿಸುವುದೇ ಸರಬರಾಜು ಹಡಗಿನ ಕೆಲಸವಾದರೆ ‘ತುಂಗಭದ್ರಾ’ ಎಂಬ ಹೆಸರು ಅದಕ್ಕೆ ಸಲ್ಲುತ್ತದೆ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಗಂಗಾವತಿಯ ನಿವೃತ್ತ ನಾವಿಕ

ತುಂಗಭದ್ರೆಯ ದಡದಲ್ಲೇ ಬೆಳೆದವನು ನಾನು. ಆನೆಗೊಂದಿಯ ಹರಿಗೋಲಿನಲ್ಲಿ ಕುಳಿತು ಹೊಳೆ ದಾಟಿದ ಮೇಲೆಯೇ ಸಮುದ್ರ ಕಂಡದ್ದು. ಆ ಹೆಸರಿನ ಹಡಗೊಂದು ಬಂದರೆ ನನಗಿಂತ ಹೆಚ್ಚು ಹಿಗ್ಗುವವರು ಯಾರೂ ಇರಲಾರರು. ಆದರೂ ಅದು ಫ್ರಿಗೇಟ್ ಆಗಿ ಬರಲಿ ಎನ್ನುತ್ತೇನೆ. ಇಂಧನ ಹಡಗುಗಳ ಹೆಸರಿನ ಸಾಲನ್ನು ಮುರಿಯುವುದು ಬೇಡ.

ಇದಕ್ಕೆ ಕಾರಣ ಭಾವುಕತೆ ಮಾತ್ರವಲ್ಲ. ಹಡಗು ನಿವೃತ್ತವಾಗುವ ದಿನ ಸೂರ್ಯಾಸ್ತದ ಹೊತ್ತಿಗೆ ಧ್ವಜವನ್ನೂ ಪಟಸ್ತಂಭದ ತುದಿಯ ಉದ್ದನೆಯ ಪತಾಕೆಯನ್ನೂ ಕೊನೆಯ ಬಾರಿಗೆ ಇಳಿಸುತ್ತಾರೆ. ಒಡಲು ಗುಜರಿ ಕಟ್ಟೆಗೆ ಹೋಗಿ ಚೂರಾಗುತ್ತದೆ. ಆ ಹಡಗಿನಲ್ಲಿ ಕೆಲಸ ಮಾಡಿದ ನೂರಾರು ಜನರಿಗೆ ಬೊಟ್ಟು ಮಾಡಿ ತೋರಿಸಲು ಉಳಿಯುವುದು ಹೆಸರೊಂದೇ. ವಿಮಾನವಾಹಕ ನೌಕೆ ‘ವಿಕ್ರಾಂತ್’ 1997ರಲ್ಲಿ ನಿವೃತ್ತವಾಯಿತು. 2022ರಲ್ಲಿ ಕೊಚ್ಚಿಯಲ್ಲಿ ಕಟ್ಟಿದ ಹೊಸ ನೌಕೆಗೆ ಅದೇ ಹೆಸರನ್ನೂ ‘ಆರ್ 11’ ಎಂಬ ಅದೇ ಸಂಖ್ಯೆಯನ್ನೂ ಕೊಟ್ಟಾಗ ದೇಶವೇ ಸಂಭ್ರಮಿಸಿತು. ಬ್ರಿಟಿಷರಿಂದ ಬಂದು 1957ರಲ್ಲಿ ಸೇವೆಗೆ ಸೇರಿದ ಕ್ರೂಸರ್ ‘ಮೈಸೂರು’ ಹೋದ ಮೇಲೆ 1999ರಲ್ಲಿ ಡಿಸ್ಟ್ರಾಯರ್ ಆಗಿ ‘ಮೈಸೂರು’ ಮರಳಿತು. ಯುದ್ಧನೌಕೆಗಳಿಗೆ ಸಲ್ಲುವ ಈ ಮನ್ನಣೆ ಎಣ್ಣೆ ಹೊತ್ತ ಹಡಗುಗಳಿಗೂ ಸಂದಿದೆ ಎಂಬುದೇ ದೀಪಕ್ ಮತ್ತು ಶಕ್ತಿ ಮರಳಿ ಬಂದಾಗ ನನಗೆ ಹೆಮ್ಮೆ ತಂದ ವಿಷಯ.

ಹೊಸ ದೀಪಕ್ ಆ ಹೆಸರನ್ನು ಉಳಿಸಿಕೊಂಡದ್ದಕ್ಕೆ ಒಂದು ಉದಾಹರಣೆ ಕರ್ನಾಟಕದವರಿಗೆ ಹತ್ತಿರದ್ದು. ‘ವಿಕ್ರಮಾದಿತ್ಯ’ ವಿಮಾನವಾಹಕ ನೌಕೆಯನ್ನು 2013ರ ನವೆಂಬರ್‌ನಲ್ಲಿ ರಷ್ಯಾದ ಉತ್ತರ ತುದಿಯ ಸೆವೆರೋದ್ವಿನ್‌ಸ್ಕ್‌ನಲ್ಲಿ ನಮ್ಮ ನೌಕಾಪಡೆಗೆ ಸೇರಿಸಿಕೊಳ್ಳಲಾಯಿತು. ಅಲ್ಲಿಂದ ಹೊರಟು 2014ರ ಜನವರಿಯಲ್ಲಿ ಕಾರವಾರದ ಕದಂಬ ನೌಕಾನೆಲೆಗೆ ಬಂದು ತಲುಪಿದ ಆ ದೀರ್ಘ ಪಯಣದಲ್ಲಿ ಅದಕ್ಕೆ ಬೆಂಗಾವಲಾಗಿದ್ದುದು ತ್ರಿಕಂಡ್ ಫ್ರಿಗೇಟ್ ಮತ್ತು ದೀಪಕ್. ಕಾರವಾರದಲ್ಲಿ ಜನ ನೋಡಲು ಹಾತೊರೆದದ್ದು ವಿಕ್ರಮಾದಿತ್ಯವನ್ನು. ಚಳಿಗಾಲದ ಉತ್ತರ ಸಮುದ್ರದಲ್ಲಿ ಎಣ್ಣೆ ಹೊತ್ತು ಜೊತೆಗಿದ್ದದ್ದು ದೀಪಕ್.

ಸಿಂಧನೂರಿನ ತಂತ್ರಾಂಶ ಉದ್ಯೋಗಿ

ಹೊರದೇಶಗಳ ಪದ್ಧತಿಯನ್ನೂ ಇಲ್ಲಿ ದಾಖಲಿಸುವುದು ಒಳ್ಳೆಯದು. ಅಮೆರಿಕದ ಸರಬರಾಜು ಹಡಗುಗಳ ಹೆಸರಿನ ಮುಂದೆ ‘ಯುಎಸ್‌ಎಸ್’ ಎಂದು ಇರುವುದಿಲ್ಲ, ‘ಯುಎಸ್‌ಎನ್‌ಎಸ್’ ಎಂದಿರುತ್ತದೆ, ಏಕೆಂದರೆ ಅವುಗಳನ್ನು ನಡೆಸುವವರು ಬಹುಪಾಲು ನಾಗರಿಕ ನೌಕರರು. ಬ್ರಿಟನ್ನಿನಲ್ಲೂ ಹೀಗೆಯೇ ‘ರಾಯಲ್ ಫ್ಲೀಟ್ ಆಕ್ಸಿಲರಿ’ ಎಂಬ ಬೇರೆ ಸೇವೆ ಇದೆ. ನಮ್ಮ ಶಕ್ತಿ, ದೀಪಕ್ ಮಾತ್ರ ಪೂರ್ಣ ನೌಕಾಪಡೆಯ ಹಡಗುಗಳು. ಸಮವಸ್ತ್ರದ ನಾವಿಕರೇ ಅವುಗಳನ್ನು ನಡೆಸುತ್ತಾರೆ, ಆದ್ದರಿಂದಲೇ ‘ಐಎನ್‌ಎಸ್’ ಎಂಬ ಗೌರವ.

ಅಮೆರಿಕದಲ್ಲಿ ಇಂಥ ಹಡಗುಗಳಿಗೆ ನದಿಗಳ ಹೆಸರಿಡುವ ಹಳೆಯ ರೂಢಿ ಇದೆ. ನಿವೃತ್ತ ನಾವಿಕರು ಹೇಳಿದ ಮೌಮೀ ಒಂದು ನದಿ. 2020ರ ಸೆಪ್ಟೆಂಬರ್‌ನಲ್ಲಿ ಅರಬ್ಬೀ ಸಮುದ್ರದಲ್ಲಿ ನಮ್ಮ ‘ತಲ್ವಾರ್’ ಫ್ರಿಗೇಟಿಗೆ ಎಣ್ಣೆ ತುಂಬಿದ ಅಮೆರಿಕದ ಹಡಗು ‘ಯೂಕಾನ್’ನದೂ ನದಿಯ ಹೆಸರೇ. ಹಾಗಾಗಿ ಬಳ್ಳಾರಿಯವರ ಆಸೆ ಲೋಕರೂಢಿಗೆ ಹೊರತಾದುದಲ್ಲ. ಈಚೆಗೆ ಅಲ್ಲಿ ವ್ಯಕ್ತಿಗಳ ಹೆಸರೂ ಬಂದಿವೆ. 2022ರ ಆಗಸ್ಟ್‌ನಲ್ಲಿ ಚೆನ್ನೈ ಬಳಿಯ ಕಾಟ್ಟುಪಳ್ಳಿಗೆ ದುರಸ್ತಿಗಾಗಿ ಬಂದಿದ್ದ ‘ಚಾರ್ಲ್ಸ್ ಡ್ರೂ’ ಎಂಬ ಹಡಗಿಗೆ ರಕ್ತನಿಧಿಗಳ ಬೆಳವಣಿಗೆಗೆ ದುಡಿದ ಕಪ್ಪು ಜನಾಂಗದ ವೈದ್ಯರ ಹೆಸರಿದೆ. ವ್ಯಕ್ತಿಗಳ ಹೆಸರಿಟ್ಟರೆ ವಿವಾದವೂ ಹಿಂದೆಯೇ ಬರುತ್ತದೆ. ಸಲಿಂಗಕಾಮಿಗಳ ಹಕ್ಕಿಗಾಗಿ ಹೋರಾಡಿದ ರಾಜಕಾರಣಿಯ ಹೆಸರು ಹೊತ್ತ ‘ಹಾರ್ವಿ ಮಿಲ್ಕ್’ ಎಂಬ ಇಂಧನ ಹಡಗಿನ ಹೆಸರನ್ನು 2025ರಲ್ಲಿ ಅಲ್ಲಿನ ಸರ್ಕಾರ ಬದಲಿಸಿ ‘ಆಸ್ಕರ್ ಪೀಟರ್ಸನ್’ ಎಂದಿಟ್ಟಿತು. ಪೀಟರ್ಸನ್ 1942ರಲ್ಲಿ ಕೋರಲ್ ಸಮುದ್ರದ ಕದನದಲ್ಲಿ ‘ನಿಯೋಶೋ’ ಎಂಬ ಇಂಧನ ಹಡಗನ್ನು ಉಳಿಸಲು ಹೋಗಿ ಗಾಯಗೊಂಡು ಸತ್ತ ನಾವಿಕ; ಆತನಿಗೆ ಗೌರವ ಸಲ್ಲಬೇಕಾದದ್ದೇ. ಆದರೆ ಒಬ್ಬರಿಗೆ ಕೊಟ್ಟದ್ದನ್ನು ಕಿತ್ತು ಇನ್ನೊಬ್ಬರಿಗೆ ಕೊಡುವುದು ಇಬ್ಬರಿಗೂ ಸಲ್ಲದ ನಡೆ ಎಂದು ನನಗೆ ಅನ್ನಿಸುತ್ತದೆ. ಹೀಗಾಗಿ ನದಿಯೋ ದೀಪವೋ ಎಂಬ ನಮ್ಮ ಭಿನ್ನಾಭಿಪ್ರಾಯದಲ್ಲಿ ಎರಡೂ ಒಳ್ಳೆಯ ಆಯ್ಕೆಗಳೇ.

ತೋರಣಗಲ್ಲಿನ ಉಕ್ಕು ಕಾರ್ಮಿಕ

ಹಿಂದೂಸ್ತಾನ್ ಶಿಪ್‌ಯಾರ್ಡ್ ಎಂಬ ಹೆಸರು ಬಂದದ್ದರಿಂದ ಒಂದು ಮಾತು. ಅದನ್ನು 1941ರಲ್ಲಿ ಸಿಂಧಿಯಾ ಹಡಗು ಕಂಪನಿಯ ಪರವಾಗಿ ಆರಂಭಿಸಿದವರು ಉದ್ಯಮಿ ವಾಲಚಂದ್ ಹೀರಾಚಂದ್. ಅದಕ್ಕೂ ಸ್ವಲ್ಪ ಮೊದಲು ಮೈಸೂರು ಸಂಸ್ಥಾನದ ನೆರವಿನಿಂದ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ತೆರೆದವರೂ ಅವರೇ. ಸ್ವತಂತ್ರ ಭಾರತದಲ್ಲಿ ಕಟ್ಟಿದ ಮೊದಲ ದೊಡ್ಡ ಹಡಗನ್ನು 1948ರ ಮಾರ್ಚ್‌ನಲ್ಲಿ ನೆಹರೂ ಅವರು ಅಲ್ಲಿ ನೀರಿಗಿಳಿಸಿದರು. ಅದರ ಹೆಸರು ‘ಜಲ ಉಷಾ’. ಅದು ಸರಕು ಹಡಗು. ಅಲ್ಲೇ ಈಗ ಸರಬರಾಜು ಹಡಗುಗಳು ಸಿದ್ಧವಾಗುತ್ತಿವೆ. ಮೊದಲನೆಯದಕ್ಕೆ 2024ರ ಏಪ್ರಿಲ್‌ನಲ್ಲಿ ಉಕ್ಕು ಕತ್ತರಿಸುವ ಕೆಲಸ ಶುರುವಾಯಿತು. ಉಕ್ಕಿನ ಹಲಗೆ ಹೊರಬರುವುದನ್ನು ದಿನವೂ ನೋಡುವ ನನಗೆ ಆ ಸುದ್ದಿ ಬಹಳ ಮುಖ್ಯವೆನಿಸಿತು.

ಕೊಪ್ಪಳದ ವಾಚನಾಲಯ

ಎಲ್ಲರಿಗೂ ಕೃತಜ್ಞತೆಗಳು. ಪುಟದ ಕರಡು ಸಿದ್ಧವಾಗಿದೆ. ಪೋಷಕ್ ಹೆಸರನ್ನು ದಪ್ಪ ಅಕ್ಷರದಲ್ಲೇ ಹಾಕಿದ್ದೇವೆ. ಎರಡು ದೀಪಕ್, ಎರಡು ಶಕ್ತಿಗಳನ್ನು ಬೇರೆ ಬೇರೆ ಸಾಲಿನಲ್ಲಿ, ಕಟ್ಟಿದ ಊರು ಮತ್ತು ವರ್ಷದ ಸಮೇತ ಬರೆದಿದ್ದೇವೆ. ಒಂದು ಸಂದೇಹ ಮಾತ್ರ ಉಳಿದಿದೆ: ಆದಿತ್ಯ 1993ರಲ್ಲಿ ನೀರಿಗಿಳಿದಾಗಲೇ ಅದನ್ನು ‘ಐಎನ್‌ಎಸ್ ಆದಿತ್ಯ’ ಎಂದು ಬರೆಯಬಹುದೇ?

ಗಂಗಾವತಿಯ ನಿವೃತ್ತ ನಾವಿಕ

ಬರೆಯಬಾರದು. ಕಟ್ಟುವಾಗ ಹಡಗಿಗೆ ಹಡಗುಕಟ್ಟೆಯ ಕ್ರಮಸಂಖ್ಯೆ ಮಾತ್ರ ಇರುತ್ತದೆ. ನೀರಿಗಿಳಿಸುವ ದಿನ, ಸಾಮಾನ್ಯವಾಗಿ ಮುಖ್ಯ ಅತಿಥಿಯ ಪತ್ನಿಯವರು ತೆಂಗಿನಕಾಯಿ ಒಡೆದು, ಅಥರ್ವವೇದದ ಮಂತ್ರಪಠಣದ ನಡುವೆ ಹೆಸರನ್ನು ಘೋಷಿಸುತ್ತಾರೆ. ಆಗ ಅದು ಬರೀ ‘ಆದಿತ್ಯ’. ಮುಂದೆ ಯಂತ್ರಗಳನ್ನು ಕೂರಿಸಿ, ಸಮುದ್ರದಲ್ಲಿ ಪರೀಕ್ಷೆಗಳನ್ನು ಮುಗಿಸಿ, ಸೇವೆಗೆ ಸೇರುವ ದಿನ ಕಮಾಂಡಿಂಗ್ ಅಧಿಕಾರಿ ಆದೇಶಪತ್ರವನ್ನು ಗಟ್ಟಿಯಾಗಿ ಓದಿದ ಮೇಲೆ ನೌಕಾಧ್ವಜ ಏರುತ್ತದೆ. ‘ಐಎನ್‌ಎಸ್’ ಎಂಬ ಮೂರಕ್ಷರ ಸೇರುವುದು ಆಗಲೇ. ನಿಮ್ಮ ಪುಟದಲ್ಲಿ 1993ರ ಸಾಲಿನಲ್ಲಿ ‘ಆದಿತ್ಯ’ ಎಂದೂ 2000ದ ಸಾಲಿನಲ್ಲಿ ‘ಐಎನ್‌ಎಸ್ ಆದಿತ್ಯ’ ಎಂದೂ ಇರಲಿ. ವಿಶಾಖಪಟ್ಟಣದ ಹೊಸ ಐದು ಹಡಗುಗಳಿಗೆಂದು ಕೆಳಗೆ ಒಂದಿಷ್ಟು ಖಾಲಿ ಜಾಗವನ್ನೂ ಬಿಡಿ.